ನಾಯಕನ ಗುಣ ನಿಮ್ಮಲ್ಲಿದೆಯಾ? ಆ ಪ್ರಶ್ನೆಯನ್ನು ಕೆಲಸಕ್ಕೆ ಇಳಿಸುವ ಬಗೆ

ನಾನು ಮಾತು ಕಡಿಮೆ ಇರುವ ಮನುಷ್ಯ. ಮುಂದೆ ಹೇಳುವುದೆಲ್ಲ ಅಲ್ಲಿಂದಲೇ ಶುರುವಾಗುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ ಫಿಟ್ಟರ್ ಆಗಿ ಸೇರಿದೆ. ಎಂಟು ವರ್ಷ ಆದ ಮೇಲೆ ಶಿಫ್ಟ್ ಇನ್‌ಚಾರ್ಜ್ ಹುದ್ದೆ ಖಾಲಿಯಾಯಿತು. ನನ್ನದೂ ಇನ್ನೊಬ್ಬರದೂ ಹೆಸರು ಹೋಯಿತು. ಸಂದರ್ಶನ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಕೆಲಸ ಚೆನ್ನಾಗಿ ಗೊತ್ತು ನಿಮಗೆ. ಆದರೆ ಲೀಡರ್ ಗುಣ ಇಲ್ಲ."

ಆ ಮಾತು ತಿಂಗಳುಗಟ್ಟಲೆ ತಲೆ ಕೊರೆಯಿತು. ಯಾವ ಗುಣ? ಅದು ಹುಟ್ಟಿನಿಂದಲೇ ಬರಬೇಕಾ? ಕಲಿಯಲು ಆಗುತ್ತದಾ? ಕೇಳುವುದಕ್ಕೆ ಅವತ್ತು ಬಾಯಿ ಬರಲಿಲ್ಲ.

ಆಮೇಲೆ ಅದೇ ಹುದ್ದೆ ನನಗೂ ಬಂತು. ಹನ್ನೊಂದು ವರ್ಷ ಮಾಡಿದೆ. ಆ ಪ್ರಶ್ನೆಗಳು ಬಿಡಲಿಲ್ಲವಾದ್ದರಿಂದ ಸಂಶೋಧಕರು ಏನು ಹೇಳಿದ್ದಾರೆ ಎಂದು ಓದುತ್ತಲೂ ಇದ್ದೆ. ನನ್ನ ಹಾಗೆ ಆ ಮಾತು ಕೇಳಿಸಿಕೊಂಡು ಮನೆಗೆ ಹೋದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಳೆ ಯಾರನ್ನೋ ಒಬ್ಬರನ್ನು ಆರಿಸಬೇಕಾಗಿರುವವರಿಗೂ ಇದು ಬೇಕಾಗುತ್ತದೆ.

ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿಡಿ

"ಯಾರು ನಾಯಕರಾಗುತ್ತಾರೆ" ಎಂಬುದು ಒಂದು ಪ್ರಶ್ನೆ. "ಯಾರ ಕೈಕೆಳಗೆ ಕೆಲಸ ಚೆನ್ನಾಗಿ ನಡೆಯುತ್ತದೆ" ಎಂಬುದು ಬೇರೆಯೇ ಪ್ರಶ್ನೆ. ನಾವು ಸುಮ್ನೆ ಎರಡನ್ನೂ ಕಲಸಿಬಿಡುತ್ತೇವೆ. ನನ್ನನ್ನು ಸಂದರ್ಶನ ಮಾಡಿದವರೂ ಅದನ್ನೇ ಮಾಡಿದ್ದರು.

ಈ ಗೊಂದಲ ಹಳೆಯದು. 1840ರಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಲಂಡನ್ನಿನಲ್ಲಿ ಸಾಲು ಉಪನ್ಯಾಸ ಕೊಟ್ಟು, ಲೋಕದ ಚರಿತ್ರೆ ಎಂದರೆ ಮಹಾಪುರುಷರ ಚರಿತ್ರೆಯೇ ಎಂದು ವಾದಿಸಿದ. ಅಂಥ ಪುರುಷರಲ್ಲಿ ಏನೋ ವಿಶೇಷ ಇರಲೇಬೇಕು, ಅದನ್ನು ಹುಡುಕಿ ಪಟ್ಟಿ ಮಾಡೋಣ ಎಂದು ಮುಂದಿನ ನೂರು ವರ್ಷ ಎಷ್ಟೋ ಜನ ಹೊರಟರು. 1948ರಲ್ಲಿ ಅಮೆರಿಕದ ಸಂಶೋಧಕ ರಾಲ್ಫ್ ಸ್ಟಾಗ್ಡಿಲ್ ಅಂಥ 124 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರು. ಬುದ್ಧಿ, ಹೊಣೆಗಾರಿಕೆ, ಬೆರೆಯುವ ಸ್ವಭಾವ ಇಂಥ ಕೆಲವು ಗುಣಗಳು ಮತ್ತೆ ಮತ್ತೆ ಕಂಡವು, ನಿಜ. ಆದರೆ ಇಂತಿಂಥ ಗುಣ ಇದ್ದ ಮಾತ್ರಕ್ಕೆ ಒಬ್ಬ ನಾಯಕ ಆಗಿಬಿಡುವುದಿಲ್ಲ, ಯಾವ ಸಂದರ್ಭ, ಯಾವ ಜನ ಎಂಬುದರ ಮೇಲೆ ಅದು ನಿಂತಿದೆ ಎಂದು ಅವರು ಹೇಳಿದರು.

ಹಾಗಾದರೆ ಗುಣಕ್ಕೆ ಬೆಲೆಯೇ ಇಲ್ವಾ? ಇದೆ. 2002ರಲ್ಲಿ ತಿಮೊತಿ ಜಡ್ಜ್ ಎಂಬ ಸಂಶೋಧಕ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳ ಅಂಕಿಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಮನುಷ್ಯನ ಸ್ವಭಾವವನ್ನು ಐದು ಭಾಗ ಮಾಡಿ ನೋಡುವ ಪದ್ಧತಿ ಮನಶ್ಶಾಸ್ತ್ರದಲ್ಲಿದೆ. ಜನರ ನಡುವೆ ಹುಮ್ಮಸ್ಸಿನಿಂದ ಬೆರೆಯುವುದು, ಅಚ್ಚುಕಟ್ಟಾಗಿ ಹಿಡಿದ ಕೆಲಸ ಮುಗಿಸುವುದು, ಹೊಸದಕ್ಕೆ ತೆರೆದಿರುವುದು, ಮೃದುವಾಗಿ ಹೊಂದಿಕೊಂಡು ಹೋಗುವುದು, ಬೇಗ ಕಳವಳಪಡುವುದು. ನಾಯಕತ್ವದ ಜೊತೆ ಎಲ್ಲಕ್ಕಿಂತ ಜಾಸ್ತಿ ನಂಟು ಕಂಡದ್ದು ಬೆರೆಯುವ ಸ್ವಭಾವಕ್ಕೆ: 0.31. ಈ ಅಳತೆಯಲ್ಲಿ 0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು. ಇದನ್ನು ಪಾಲಾಗಿ ನೋಡಬೇಕಾದರೆ ಅಂಕಿಯನ್ನು ಅದರಿಂದಲೇ ಗುಣಿಸಬೇಕು: 0.31 ಎಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲಿಗೆ ಕಾರಣ ಬೇರೆ ಕಡೆ ಹುಡುಕಬೇಕು.

ನನ್ನ ಕಣ್ಣು ತೆರೆಸಿದ್ದು ಅದೇ ಲೆಕ್ಕದ ಇನ್ನೊಂದು ಪಟ್ಟಿ. ಅದರಲ್ಲಿ ನಾನು ಹೇಳಿದ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ಅಳೆದಿದ್ದಾರೆ. ಮೃದು ಸ್ವಭಾವವನ್ನೇ ನೋಡಿ. ನಾಯಕನಾಗಿ ಮೇಲೆ ಬರುವುದಕ್ಕೂ ಅದಕ್ಕೂ ನಂಟು 0.05, ಅಂದರೆ ಇಲ್ಲವೆನ್ನುವಷ್ಟು ಕಡಿಮೆ. ನಾಯಕನಾದ ಮೇಲೆ ಚೆನ್ನಾಗಿ ನಡೆಸುವುದಕ್ಕೆ ಬಂದರೆ ಅದೇ ನಂಟು 0.21. ಬೆರೆಯುವ ಸ್ವಭಾವ ಮೇಲೆ ಬರುವುದಕ್ಕೆ 0.33 ಇದ್ದದ್ದು ಚೆನ್ನಾಗಿ ನಡೆಸುವುದಕ್ಕೆ 0.24ಕ್ಕೆ ಇಳಿಯುತ್ತದೆ. ಆರಿಸುವ ದಿನ ಯಾರ ಕಣ್ಣಿಗೂ ಬೀಳದ ಗುಣ ಕೆಲಸದ ದಿನ ಕೈಹಿಡಿಯುತ್ತದೆ. ಆರಿಸುವ ದಿನ ಹೊಳೆಯುವ ಗುಣ ಆಮೇಲೆ ಸ್ವಲ್ಪ ಮಂಕಾಗುತ್ತದೆ.

ಇದರ ಜೊತೆಗೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನೂ ಇಟ್ಟುಕೊಳ್ಳಿ. ಜನರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಕೆಲಸ ಕೊಟ್ಟರು. ಕೊನೆಗೆ ನಾಯಕ ಯಾರು ಅನ್ನಿಸಿತು ಎಂದು ಕೇಳಿದರು. ಜಾಸ್ತಿ ಹೊತ್ತು ಮಾತಾಡಿದವರ ಹೆಸರು ಬಂತು. ಬುದ್ಧಿ, ಸ್ವಭಾವ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಮಾತಿನ ಹೊತ್ತಿನ ತೂಕ ಹಾಗೇ ಉಳಿಯಿತು.

ಹುಟ್ಟಿನ ಪ್ರಶ್ನೆಗೂ ಒಂದು ಉತ್ತರ ಇದೆ. 2006ರಲ್ಲಿ ಗಂಡು ಅವಳಿಗಳ ಮೇಲೆ ನಡೆದ ಅಧ್ಯಯನದ ಪ್ರಕಾರ, ಯಾರು ಮೇಲಿನ ಹುದ್ದೆಗಳಿಗೆ ಏರಿದರು ಎಂಬುದರಲ್ಲಿನ ವ್ಯತ್ಯಾಸದ ಸುಮಾರು 30% ಅನುವಂಶದ್ದು. ಕಡಿಮೆಯೇನಲ್ಲ. ಆದರೆ ಅದೂ ಹುದ್ದೆಗೆ ಏರುವುದರ ಲೆಕ್ಕ. ಹುದ್ದೆಯನ್ನು ನಿಭಾಯಿಸುವುದರ ಲೆಕ್ಕ ಅಲ್ಲ.

ಒಂದು ರಾತ್ರಿ 2:40

ನನ್ನ ಬದಲು ಆಯ್ಕೆಯಾದವರು ಗಟ್ಟಿ ಮನುಷ್ಯ. ಎತ್ತರದ ದನಿ, ತಡವರಿಸದ ಮಾತು. ಅವರನ್ನು ಚಿಕ್ಕವರಾಗಿ ತೋರಿಸುವ ಉದ್ದೇಶ ನನಗಿಲ್ಲ, ಅದು ಮುಂದೆ ನಿಮಗೇ ಗೊತ್ತಾಗುತ್ತದೆ.

ಒಂದು ರಾತ್ರಿ ಪಾಳಿಯಲ್ಲಿ ಸಾಮಾನು ಸಾಗಿಸುವ ದೊಡ್ಡ ಕನ್ವೇಯರ್ ನಿಂತಿತು. ಗೇರ್‌ಬಾಕ್ಸ್ ಜಾಮ್. ಮುಚ್ಚಳ ಬಿಚ್ಚಿದೆವು. ಎಣ್ಣೆ ಕಪ್ಪಾಗಿತ್ತು. ಅದ್ದಿದ ಬೆರಳನ್ನು ಉಜ್ಜಿದರೆ ಸಣ್ಣ ಮರಳು ತಾಗಿದ ಹಾಗೆ ಲೋಹದ ಪುಡಿ ತಾಗುತ್ತಿತ್ತು. ಬೇರಿಂಗ್ ಒಡೆದಿತ್ತು. ಬೇರಿಂಗ್ ಹಾಗೆ ದಿಢೀರನೆ ಹೋಗುವುದು ಅಪರೂಪ. ಮೊದಲೇ ಶಬ್ದ ಬರುತ್ತದೆ, ಬಿಸಿ ಏರುತ್ತದೆ, ಪುಡಿ ಉದುರುತ್ತದೆ. ಯಾರಿಗಾದರೂ ಕೇಳಿಸಿರಲೇಬೇಕಿತ್ತು.

ಟಾರ್ಚ್ ಹಿಡಿದು ನಿಂತಿದ್ದ ಹೆಲ್ಪರ್ ಹುಡುಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಮೂರು ದಿನದಿಂದ ಕರಕರ ಅಂತಿತ್ತು ಸರ್."

"ಯಾಕಪ್ಪಾ ಹೇಳಲಿಲ್ಲ?"

"ಹೋದ ತಿಂಗಳು ಒಂದು ಮೋಟಾರ್ ಬಗ್ಗೆ ಹೇಳಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಎಲ್ಲರ ಮುಂದೆ ಬೈಸಿಕೊಂಡೆ."

ಟಾರ್ಚ್ ಬೆಳಕು ಸಣ್ಣಗೆ ನಡುಗುತ್ತಿತ್ತು. ಅವನ ಕೈ ನಡುಗುತ್ತಿತ್ತು. ಅವನ ಕಿವಿ ಸರಿಯಾಗಿಯೇ ಕೆಲಸ ಮಾಡಿತ್ತು. ಬಾಯಿ ಮಾತ್ರ ಒಂದು ತಿಂಗಳ ಹಿಂದೆಯೇ ಮುಚ್ಚಿತ್ತು.

ಈಗ ಇನ್ನೊಂದು ಮುಖ. ಅದೇ ಇನ್‌ಚಾರ್ಜ್ ಆ ಹೊತ್ತಿನಲ್ಲಿ ಫೋನ್ ಹಿಡಿದರು. ಮಲಗಿದ್ದವರನ್ನು ಎಬ್ಬಿಸಿದರು, ಜಗ್ಗಾಡಿದರು, ಇನ್ನೊಂದು ಘಟಕದಲ್ಲಿ ಬಿದ್ದಿದ್ದ ಬಿಡಿ ಗೇರ್‌ಬಾಕ್ಸ್ ಬೆಳಗ್ಗೆ ಐದಕ್ಕೆಲ್ಲ ಬಂದು ನಿಲ್ಲುವ ಹಾಗೆ ಮಾಡಿದರು. ಆ ಕೆಲಸ ಅವತ್ತು ನನ್ನಿಂದ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಫೋನ್ ಮಾಡಲು ನಾನು ಹತ್ತು ಸಲ ಯೋಚಿಸುತ್ತಿದ್ದೆ. ತಾನು ಹೇಳಿದ್ದೇ ಸರಿ ಎಂಬ ಅವರ ಅದೇ ಗಟ್ಟಿತನ ಹುಡುಗನ ಬಾಯಿ ಮುಚ್ಚಿಸಿತ್ತು. ಅದೇ ಗಟ್ಟಿತನ ಆ ರಾತ್ರಿ ಲೈನ್ ಉಳಿಸಿತು. ಗುಣ ಒಂದೇ, ಗಳಿಗೆ ಬೇರೆ. ಆವತ್ತಿನಿಂದ ಇದು ಒಳ್ಳೆಯ ಗುಣ, ಇದು ಕೆಟ್ಟ ಗುಣ ಎಂದು ಪಟ್ಟಿ ಮಾಡುವುದನ್ನು ನಾನು ಬಿಟ್ಟೆ.

ಗುಣದ ಹೆಸರನ್ನು ಕೆಲಸದ ಹೆಸರಾಗಿ ಬರೆಯಿರಿ

ಈಗ ನೀವು ಮಾಡಬೇಕಾದದ್ದು. ಒಂದು ಹಾಳೆ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಎಡಕ್ಕೆ, ನಾಯಕನಿಗೆ ಇರಬೇಕು ಎಂದು ನಿಮಗೆ ಅನ್ನಿಸುವ ಗುಣಗಳನ್ನು ಬರೆಯಿರಿ. ಧೈರ್ಯ, ತಾಳ್ಮೆ, ಆತ್ಮವಿಶ್ವಾಸ, ಏನು ತೋಚುತ್ತದೋ ಅದು. ಬಲಕ್ಕೆ, ಆ ಗುಣ ನಿಮ್ಮ ಕೆಲಸದ ಜಾಗದಲ್ಲಿ ಯಾವ ಹೊತ್ತಿನಲ್ಲಿ, ಯಾರ ಎದುರು, ಯಾವ ರೂಪದಲ್ಲಿ ಕಾಣಬೇಕು ಎಂದು ಬರೆಯಿರಿ. ಪಕ್ಕದಲ್ಲಿ ನಿಂತವನು ಕಣ್ಣಿಂದ ನೋಡಲು, ಕಿವಿಯಿಂದ ಕೇಳಲು ಆಗುವಂಥದ್ದನ್ನು ಮಾತ್ರ ಬರೆಯಬೇಕು.

ನನ್ನ ಹಾಳೆಯಲ್ಲಿ "ಧೈರ್ಯ" ಎಂಬುದರ ಎದುರು ಇದ್ದದ್ದು ಇದು: "ಪ್ರೊಡಕ್ಷನ್‌ನವರು ಎಷ್ಟೇ ಅವಸರ ಮಾಡಿದರೂ ಗಾರ್ಡ್ (ರಕ್ಷಣೆಯ ಮುಚ್ಚಳ) ಹಾಕದೆ ಮಷೀನ್ ಚಾಲೂ ಮಾಡಲು ಬಿಡುವುದಿಲ್ಲ." ಇದಕ್ಕೆ ಎತ್ತರದ ದನಿ ಬೇಡ. ಸ್ವಿಚ್‌ಗೆ ಬೀಗ ಹಾಕಿ ಬೀಗದ ಕೈ ಜೇಬಿನಲ್ಲಿ ಇಟ್ಟುಕೊಂಡರೆ ಸಾಕು. "ತಾಳ್ಮೆ" ಎದುರು: "ಹುಡುಗ ಒಂದು ವಿಷಯ ಹೇಳಲು ಬಂದರೆ ಅವನ ವಾಕ್ಯ ಮುಗಿಯುವ ತನಕ ಬಾಯಿ ಹಾಕುವುದಿಲ್ಲ."

"ಆಕರ್ಷಣೆ" ಎಂಬುದರ ಎದುರು ನನಗೆ ಏನೂ ಬರೆಯಲು ಆಗಲಿಲ್ಲ. ಎರಡು ದಿನ ಬಿಟ್ಟು ನೋಡಿದೆ, ಆಗಲೂ ಹೊಳೆಯಲಿಲ್ಲ. ಹೊಡೆದುಹಾಕಿದೆ. ನಿಮಗೂ ಒಂದೆರಡು ಗುಣಗಳ ಎದುರು ಹೀಗೇ ಆಗುತ್ತದೆ. ನಿಮ್ಮ ಕೆಲಸದಲ್ಲಿ ಆ ಗುಣಕ್ಕೆ ಕೆಲಸವೇ ಇಲ್ಲ ಎಂದು ಅದರ ಅರ್ಥ. ಅದು ನನ್ನಲ್ಲಿಲ್ಲವಲ್ಲ ಎಂದು ಕೊರಗಬೇಡಿ.

ಹಾಳೆ ಮುಗಿದ ಮೇಲೆ ಬಲಗಡೆಯ ಒಂದೊಂದೇ ಸಾಲಿಗೆ ಗುರುತು ಹಾಕಿ. ಸಲೀಸಾಗಿ ಮಾಡುತ್ತೇನೆ. ಮೈಮೇಲೆ ಎಚ್ಚರ ಇಟ್ಟುಕೊಂಡರೆ ಮಾಡುತ್ತೇನೆ. ನನ್ನಿಂದ ಆಗುವುದಿಲ್ಲ. ಮೂರನೆಯ ಗುರುತು ಬಿದ್ದ ಸಾಲುಗಳಲ್ಲೇ ನಿಮ್ಮ ನಿಜವಾದ ಕೆಲಸ ಇರುವುದು.

ಇಲ್ಲದ ಗುಣಕ್ಕೆ ವ್ಯವಸ್ಥೆ ಮಾಡಿಕೊಳ್ಳಿ

ಇದನ್ನು ನಾನು ಕಲಿತದ್ದು ಒಂದು ಪೆಟ್ಟು ತಿಂದು. ಇನ್‌ಚಾರ್ಜ್ ಆದ ಹೊಸತರಲ್ಲಿ, ನಾನು ಬೈಯುವುದಿಲ್ಲ, ಹಾಗಾಗಿ ಎಲ್ಲರೂ ನನ್ನ ಹತ್ತಿರ ಬಂದು ಹೇಳುತ್ತಾರೆ ಎಂದುಕೊಂಡಿದ್ದೆ. ಯಾರೂ ಬರಲಿಲ್ಲ. ಆರು ತಿಂಗಳಾದ ಮೇಲೆ ನನಗಿಂತ ಹಿರಿಯ ಫಿಟ್ಟರ್ ಒಬ್ಬರು, ಕೈ ಒರೆಸಿಕೊಳ್ಳುತ್ತಾ, ಮುಖ ನೋಡದೆ ಹೇಳಿದರು: "ನೀವು ಏನೂ ಮಾತಾಡಲ್ಲ ಸರ್. ನಾವೇನೋ ತಪ್ಪು ಮಾಡಿದ್ದೀವಿ, ಅದಕ್ಕೇ ಸಿಟ್ಟಾಗಿದ್ದೀರಿ ಅಂತ ಹುಡುಗರು ಅಂದ್ಕೊಂಡಿದ್ದಾರೆ." ನನಗೆ ತುಂಬಾ ನೋವಾಯಿತು. ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಇನ್ನೊಬ್ಬರ ಮೌನವನ್ನು ಜನ ತಮಗೆ ತೋಚಿದ ಹಾಗೆ ತುಂಬಿಕೊಳ್ಳುತ್ತಾರೆ ಎಂದು ಅವತ್ತು ಗೊತ್ತಾಯಿತು.

ನಾನು ಮಾತುಗಾರ ಆಗಲು ಹೋಗಲಿಲ್ಲ. ಒಂದು ವಾರ ಪ್ರಯತ್ನ ಪಟ್ಟು ಬಿಟ್ಟೆ. ಹುಡುಗರಿಗೂ ಅದು ಸರಿ ಕಾಣಲಿಲ್ಲ. ಅದರ ಬದಲು ಪಾಳಿ ಬದಲಾಗುವಾಗ ಬರೆಯುವ ಲಾಗ್‌ಬುಕ್ ತೆಗೆದುಕೊಂಡೆ. ಅದರಲ್ಲಿ ಮಷೀನ್, ತೊಂದರೆ, ಸಮಯ, ಏನು ಮಾಡಿದೆವು ಎಂಬ ನಾಲ್ಕು ಕಾಲಂ ಇದ್ದವು. ಸ್ಕೇಲ್ ಇಟ್ಟು ಐದನೆಯ ಗೆರೆ ಎಳೆದು, ಮೇಲೆ "ಅನುಮಾನ" ಎಂದು ಬರೆದೆ. ಇನ್ನೂ ತೊಂದರೆ ಆಗಿಲ್ಲ, ಆದರೆ ಏನೋ ಸರಿ ಇಲ್ಲ ಅನ್ನಿಸಿದ್ದನ್ನು ಬರೆಯುವ ಜಾಗ ಅದು.

ಎರಡು ವಾರ ಕಾಲಂ ಖಾಲಿ ಇತ್ತು. ಮೊದಲ ಸಾಲು ನಾನೇ ಬರೆದೆ: "2ನೇ ಪಂಪ್. ಕೈ ಇಟ್ಟರೆ ನಿನ್ನೆಗಿಂತ ಬಿಸಿ ಅನ್ನಿಸಿತು. ಖಚಿತ ಇಲ್ಲ." ಮಾರನೇ ದಿನ ಎಲ್ಲರ ಎದುರೇ ಪಂಪ್ ಬಿಚ್ಚಿ ನೋಡಿದೆವು. ಏನೂ ಇರಲಿಲ್ಲ. ಅದರ ಪಕ್ಕದಲ್ಲೇ "ನೋಡಿದೆವು, ಏನೂ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಇನ್‌ಚಾರ್ಜ್‌ನ ಅನುಮಾನವೇ ಸುಳ್ಳಾಯಿತು, ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯ ದಿನ ಬೇರೆ ಕೈಬರಹದಲ್ಲಿ ಒಂದು ಸಾಲು ಬಂತು. ಅಕ್ಷರ ಸೊಟ್ಟಗಿತ್ತು, ಪೆನ್ನು ಒತ್ತಿ ಬರೆದಿತ್ತು. "ಫ್ಯಾನ್ ಹತ್ತಿರ ಸುಟ್ಟ ವಾಸನೆ. ಒಂದು ಸಲ ಮಾತ್ರ." ಹೋಗಿ ನೋಡಿದರೆ ಬೆಲ್ಟ್ ಒಂದು ಕಡೆ ಉಜ್ಜಿ ಸವೆದಿತ್ತು.

ನಿಮ್ಮ ಕೆಲಸದಲ್ಲಿ ಲಾಗ್‌ಬುಕ್ ಇರಲಿಕ್ಕಿಲ್ಲ. ಆಫೀಸಿನಲ್ಲಿ ಮೀಟಿಂಗ್ ಶುರು ಮಾಡುವ ಮೊದಲು ಎಲ್ಲರೂ ಎರಡು ಸಾಲು ಬರೆದು ಕೊಡುವುದಾಗಬಹುದು. ಆಸ್ಪತ್ರೆಯ ವಾರ್ಡಿನಲ್ಲಿ ಪಾಳಿ ಬಿಡುವ ನರ್ಸ್‌ಗೆ ದಿನಾ ಒಂದೇ ಪ್ರಶ್ನೆ ಕೇಳುವುದಾಗಬಹುದು. ನಿಮ್ಮ ಸ್ವಭಾವದಲ್ಲಿ ಇಲ್ಲದ್ದು ನೀವು ಸುಸ್ತಾದ ದಿನವೂ ತಾನೇ ನಡೆಯುವ ಹಾಗೆ ಇರಬೇಕು, ಅಷ್ಟೇ. ಸ್ವಭಾವವನ್ನು ನಂಬಿದರೆ ಸುಸ್ತಾದ ದಿನ ಅದು ಕೈಕೊಡುತ್ತದೆ.

ವ್ಯವಸ್ಥೆಯಿಂದ ಆಗದ ಕೆಲಸಕ್ಕೆ ಜನರನ್ನು ಇಟ್ಟುಕೊಳ್ಳಿ. ನಡುರಾತ್ರಿ ಫೋನ್ ಮಾಡಿ ಜಗ್ಗಾಡುವ ಕೆಲಸವನ್ನು ನಾನು ನಮ್ಮ ಎಲೆಕ್ಟ್ರಿಷಿಯನ್ ಒಬ್ಬರಿಗೆ ವಹಿಸಿದೆ. ಎಲ್ಲರ ಎದುರೇ ಹೇಳಿದೆ: "ಬ್ರೇಕ್‌ಡೌನ್ ಆದಾಗ ಹೊರಗಿನವರ ಜೊತೆ ಇವರು ಮಾತಾಡುತ್ತಾರೆ. ಇವರು ಹೇಳಿದ್ದು ನಾನು ಹೇಳಿದ ಹಾಗೆ." ಎಲ್ಲರ ಎದುರು ಹೇಳಬೇಕು, ಇದು ಮುಖ್ಯ. ಒಳಗೊಳಗೇ ಒಪ್ಪಂದ ಮಾಡಿಕೊಂಡರೆ ಆ ಹೊತ್ತಿಗೆ ಅವರ ಮಾತು ಯಾರೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಬಾಯಿ ತೆರೆದ ತಂಡ ಕಾಗದದ ಮೇಲೆ ಕೆಟ್ಟದಾಗಿ ಕಾಣುತ್ತದೆ. ಮೂರು ತಿಂಗಳಾಗುವ ಹೊತ್ತಿಗೆ ಮೇಲಿನವರು ನನ್ನನ್ನು ಕರೆದು ಕೇಳಿದರು, ನಿಮ್ಮ ಪಾಳಿಯಲ್ಲೇ ಯಾಕೆ ಇಷ್ಟೊಂದು ತೊಂದರೆ ಎಂದು. ಇದರ ಬಗ್ಗೆ ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ 1996ರಲ್ಲಿ ಬರೆದಿದ್ದಾರೆ. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಅವರು ಹೊರಟರು. ಸಿಕ್ಕಿದ್ದು ತಿರುಗುಮುರುಗು: ಚೆನ್ನಾಗಿ ನಡೆಯುವ ವಾರ್ಡುಗಳಲ್ಲೇ ಜಾಸ್ತಿ ತಪ್ಪುಗಳು ದಾಖಲಾಗಿದ್ದವು. ಅಲ್ಲಿ ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ ಎಂಬುದು ಅವರು ಕಂಡ ಕಾರಣ. ಹಾಗಾಗಿ ಇಂಥದ್ದು ಶುರು ಮಾಡುವ ಮೊದಲೇ ನಿಮ್ಮ ಮೇಲಿನವರಿಗೆ ಹೇಳಿಡಿ: "ಮೊದಲ ಕೆಲವು ತಿಂಗಳು ಸಂಖ್ಯೆ ಏರುತ್ತದೆ." ನಾನು ಹೇಳಿಡದೆ ತುಂಬಾ ವಿವರಣೆ ಕೊಡಬೇಕಾಯಿತು.

ಬದಲಿ ಇಲ್ಲದ ಎರಡು

ಎಲ್ಲ ಗುಣಕ್ಕೂ ವ್ಯವಸ್ಥೆ ಸಿಗುವುದಿಲ್ಲ. ಹನ್ನೊಂದು ವರ್ಷ ನೋಡಿ ನಾನು ಹೇಳುವುದಾದರೆ, ಎರಡಕ್ಕೆ ಬದಲಿ ಇಲ್ಲ. ಒಂದು, ಆಡಿದ ಮಾತಿಗೆ ನಿಲ್ಲುವುದು. "ನಿನ್ನ ರಜೆ ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಮರೆತರೆ, ಆ ಹುಡುಗ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಇನ್ನೊಂದು, ಕೆಟ್ಟ ಸುದ್ದಿ ಬಂದ ಮೊದಲ ಹತ್ತು ಸೆಕೆಂಡು ನಿಮ್ಮ ಮುಖ ಹೇಗಿರುತ್ತದೆ ಎಂಬುದು. ಬಾಯಲ್ಲಿ ಏನೇ ಹೇಳಿದರೂ ಜನ ನಂಬುವುದು ಆ ಮುಖವನ್ನೇ. ಬೇಗ ಸಿಟ್ಟು ಬರುವವರಾದರೆ ಒಂದು ಸಿದ್ಧ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. "ಹೇಳಿದ್ದು ಒಳ್ಳೆಯದಾಯಿತು, ಬನ್ನಿ ನೋಡೋಣ" ಎಂಬುದು ನನ್ನದು. ಸಿಟ್ಟು ಅದರಿಂದ ಹೋಗುವುದಿಲ್ಲ. ಆದರೆ ಆ ಹತ್ತು ಸೆಕೆಂಡು ದಾಟುತ್ತದೆ.

ಬುದ್ಧಿವಂತಿಕೆ ಬೇಡವಾ ಎಂದು ಕೇಳಬಹುದು. ಬೇಕು. 2004ರ ಒಂದು ವಿಶ್ಲೇಷಣೆಯಲ್ಲಿ ಬುದ್ಧಿಗೂ ನಾಯಕತ್ವಕ್ಕೂ ಇರುವ ನಂಟು 0.27. ಜನ ಅಂದುಕೊಂಡಿರುವುದಕ್ಕಿಂತ ಕಡಿಮೆ, ಅಲ್ವಾ? ಒತ್ತಡ ಜಾಸ್ತಿಯಾದಾಗ ಆ ನಂಟು ಇನ್ನೂ ಸಡಿಲವಾಗುತ್ತದೆ ಎಂದೂ ಅದರಲ್ಲಿದೆ.

ನೀವು ಆರಿಸುವವರಾದರೆ

ಸಂದರ್ಶನದಲ್ಲಿ ಕಾಣುವುದು ಮಾತು. ಅದರ ತೂಕ ಇಳಿಸಲು ಒಂದೆರಡು ಉಪಾಯ ಇವೆ. ಸಂದರ್ಶನ ಮಾಡುವವರೆಲ್ಲ ತಮ್ಮ ಅಭಿಪ್ರಾಯವನ್ನು ಚರ್ಚೆಗೆ ಮೊದಲೇ ಬರೆದಿಡಲಿ. "ನಿಮ್ಮ ಬಲ ಏನು" ಎಂದು ಕೇಳುವ ಬದಲು, "ನಿಮ್ಮ ಕೈಕೆಳಗಿನವರು ನಿಮಗೆ ತಪ್ಪು ತೋರಿಸಿಕೊಟ್ಟ ಒಂದು ದಿನದ ಬಗ್ಗೆ ಹೇಳಿ" ಎಂದು ಕೇಳಿ. ಅಂಥ ದಿನವೇ ನೆನಪಿಗೆ ಬಾರದವರ ಬಗ್ಗೆ ನನಗೆ ಭಯ.

ಸಾಧ್ಯವಾದರೆ ಪರೀಕ್ಷೆಗೆ ಬಿಡಿ. ಇನ್‌ಚಾರ್ಜ್ ರಜೆ ಹೋದಾಗ ಎರಡು ವಾರ ಒಬ್ಬರಿಗೆ ವಹಿಸಿ, ಮುಂದಿನ ರಜೆಗೆ ಇನ್ನೊಬ್ಬರಿಗೆ. ಆಮೇಲೆ ಹೋಗಿ ಮಾತಾಡಬೇಕಾದದ್ದು ಅವರ ಜೊತೆಯಲ್ಲ. ತಂಡದಲ್ಲಿ ಎಲ್ಲರಿಗಿಂತ ಕಿರಿಯನಾದ ಹುಡುಗನ ಜೊತೆ. ನನ್ನ ನಂತರ ಯಾರು ಎಂಬ ಪ್ರಶ್ನೆ ಬಂದಾಗ ನಾನು ಹೀಗೇ ಮಾಡಿದೆ. ಮುಂದೆ ಬಂದ ಹೆಸರು ಆ ಟಾರ್ಚ್ ಹಿಡಿದಿದ್ದ ಹುಡುಗನದು. ಆ ಹೊತ್ತಿಗೆ ಅವನು ಒಳ್ಳೆಯ ಫಿಟ್ಟರ್ ಆಗಿದ್ದ. ಅವನ ಎರಡು ವಾರದಲ್ಲಿ ಅನುಮಾನದ ಕಾಲಂನಲ್ಲಿ ಹದಿನಾರು ಸಾಲು ಇದ್ದವು. ಅದರಲ್ಲಿ ಹನ್ನೊಂದು ಸುಳ್ಳು ಅನುಮಾನ. ಹನ್ನೊಂದರ ಪಕ್ಕದಲ್ಲೂ "ನೋಡಿದೆವು, ಏನೂ ಇಲ್ಲ" ಎಂದು ಅವನ ಸಹಿ ಇತ್ತು.

ನಾಯಕರಾಗಿ ಮೂರು ತಿಂಗಳಾದ ಮೇಲೆ

ಹಳೆಯ ಹಾಳೆಯನ್ನು ಹೊರಗೆ ತೆಗೆಯಿರಿ. ಗುರುತುಗಳನ್ನು ನೀವೇ ಹಾಕಬೇಡಿ, ಬೇರೆಯವರಿಂದ ಹಾಕಿಸಿ. ನಿಮ್ಮನ್ನು ಮೆಚ್ಚುವ ಒಬ್ಬರು, ನಿಮ್ಮ ಜೊತೆ ಜಗಳ ಆಡಿದ ಒಬ್ಬರು, ಸುಮ್ಮನೆ ಕೆಲಸ ಮಾಡಿಕೊಂಡು ಹೋಗುವ ಒಬ್ಬರು, ಮೂರು ಜನ ಸಾಕು. ಒಬ್ಬೊಬ್ಬರನ್ನೇ ಕೇಳಿ. ಕ್ಯಾಬಿನ್‌ಗೆ ಕರೆಸಬೇಡಿ, ಅವರು ಕೆಲಸ ಮಾಡುವ ಕಡೆಗೆ ನೀವೇ ಹೋಗಿ. "ನಾನು ಹೇಗೆ" ಎಂದು ಕೇಳಿದರೆ "ಚೆನ್ನಾಗಿದ್ದೀರಿ ಸರ್" ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: "ಈ ತಿಂಗಳು ನನಗೆ ಹೇಳಬೇಕು ಅಂದುಕೊಂಡು ಹೇಳದೆ ಬಿಟ್ಟದ್ದು ಏನಾದರೂ ಇದೆಯಾ?"

ಕೇಳಿದ ಮೇಲೆ ಕಾಯಿರಿ. ಅವರು ಕೈ ಒರೆಸಿಕೊಳ್ಳುತ್ತಾರೆ, ಆಚೆ ಈಚೆ ನೋಡುತ್ತಾರೆ. ಕಾಯಿರಿ. ಹೇಳಿದ್ದನ್ನು ಅವರ ಎದುರೇ ಬರೆದುಕೊಳ್ಳಿ. ಅವತ್ತು ಸಮಜಾಯಿಷಿ ಕೊಡಬೇಡಿ. ಒಂದು ವಾರದೊಳಗೆ ಅದರಲ್ಲಿ ಒಂದನ್ನಾದರೂ ಸರಿಮಾಡಿ, ಹೋಗಿ ಅವರಿಗೆ ತೋರಿಸಿ ಬನ್ನಿ.